ಗೌಡನಿಗೆ ಮೂರು ಬಟ್ಟಲು ನೀರು

ಪ್ರಭುರಾಜ ಮೊದಲ ಸಲ ಕಲ್ಯಾಣಿಯ ಬಾಗಿಲಿಗೆ ಬಂದದ್ದು ಮಾರ್ಚ್ ತಿಂಗಳ ಒಂದು ಭಾನುವಾರ, ಮಟಮಟ ಮಧ್ಯಾಹ್ನ. ರಾಯಚೂರಿನ ಬಿಸಿಲಿಗೆ ಆ ಹೊತ್ತಿನಲ್ಲಿ ನಾಯಿ ಕೂಡ ಓಣಿ ದಾಟುವುದಿಲ್ಲ. ಮಹಡಿ ಮೇಲಿನ ಕೋಣೆಗೆ ಬಾಡಿಗೆಗೆ ಬಂದು ಆರು ತಿಂಗಳಾಗಿದ್ದರೂ ಕೆಳಗಿನ ಮನೆಯ ಟೀಚರ್ ಜೊತೆ ಅವನು ಮಾತಾಡಿದ್ದಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಅವಳ ಕಿಟಕಿಯ ಹತ್ತಿರ ಅವನ ನಡಿಗೆ ನಿಧಾನವಾಗುತ್ತಿತ್ತು. ಅದನ್ನು ಕಲ್ಯಾಣಿ ಗಮನಿಸಿದ್ದಳು, ಗಮನಿಸಿಲ್ಲ ಎಂಬಂತೆ ಇರುತ್ತಿದ್ದಳು.

ಈಗ ಅವನ ತೋಳಿನಲ್ಲಿ ಟವೆಲ್ ಸುತ್ತಿದ ಒಂದು ಗಂಟು. ಗಂಟಿನೊಳಗಿಂದ ಎರಡು ಕಿವಿ.

“ಇದು ನಿಮ್ಮ ಬೆಕ್ಕಲ್ರಿ? ಮಾಳಿಗಿ ಮ್ಯಾಲೆ ನೀರಿನ ಟಾಕಿ ಕೆಳಗ ಬಿದ್ದಿತ್ತು. ಮುಟ್ಟಿದ್ರ ಒದರ್ತದ.”

ಗೌಡನೆಂದರೆ ಕಲ್ಯಾಣಿಯ ಬೆಕ್ಕು. ಕಂದು ಮೈ, ಬಿಳಿ ಎದೆ, ಭಾರಿ ಮೀಸೆ. ದೇವದುರ್ಗದ ಮನೆಯಲ್ಲಿ ಅದು ಮರಿಯಾಗಿದ್ದಾಗ ಅವಳಪ್ಪ ವೆಂಕೋಬ ಇಟ್ಟ ಹೆಸರು. ಮೇಲಿನ ಓಣಿಯ ಮಂದಿ ಇವರ ಮನೆಯ ನೀರು ಮುಟ್ಟುವವರಲ್ಲ. “ಒಬ್ಬ ಗೌಡನಾದ್ರೂ ನಮ್ಮ ಮನ್ಯಾಗ ಉಂಡು ಕುಡದು ಇರಲಿ” ಎಂದು ವೆಂಕೋಬ ನಕ್ಕಿದ್ದ. ಆ ನಗು ಅರ್ಧ ಮಾತ್ರ ನಗುವೆಂದು ಮಗಳಿಗೆ ಗೊತ್ತಿತ್ತು.

ಎರಡು ದಿನದಿಂದ ಗೌಡ ಮರಳಿನ ಬುಟ್ಟಿಯಲ್ಲಿ ಕೂತು ತಿಣುಕುತ್ತಿದ್ದ. ಹೊಟ್ಟೆ ಕಟ್ಟಿರಬೇಕೆಂದು ಅವ್ವ ಮಾನಮ್ಮ ಫೋನಿನಲ್ಲಿ ಹೇಳಿದಂತೆ ಕಲ್ಯಾಣಿ ಔಡಲೆಣ್ಣೆ ಕುಡಿಸಿದ್ದಳು. ಬೆಳಿಗ್ಗೆಯಿಂದ ಗೌಡನ ಪತ್ತೆಯೇ ಇರಲಿಲ್ಲ. ಅವಳು ಬೆಕ್ಕನ್ನು ಮಂಚದ ಮೇಲೆ ಮಲಗಿಸಿದಳು, ಕಣ್ಣು ಒರೆಸಿಕೊಂಡಳು, ಒಳಗೆ ಹೋಗಿ ಒಂದು ಲೋಟ ನೀರು, ಒಂದು ಚೂರು ಬೆಲ್ಲ ತಂದಳು. ಬಿಸಿಲಿನಲ್ಲಿ ಬಂದವರಿಗೆ ನೀರು ಕೊಡದೆ ಕಳಿಸಿದರೆ ಈ ಸೀಮೆಯಲ್ಲಿ ಬೈದು ಕಳಿಸಿದ ಹಾಗೆ.

ಪ್ರಭುರಾಜ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಬ್ಯಾಡ್ರಿ, ಬ್ಯಾಡ್ರಿ.”

ಚಾಚಿದ ಕೈ ಚಾಚಿದಂತೆಯೇ ನಿಂತಿತು. ಆ ಒಂದು ಹೆಜ್ಜೆಯ ಪರಿಚಯ ಕಲ್ಯಾಣಿಗೆ ಸಣ್ಣವಳಿದ್ದಾಗಿನಿಂದ ಇತ್ತು. ಕೆಲಸಕ್ಕೆ ಸೇರಿದ ಮೊದಲ ಊರಿನಲ್ಲಿ ಮನೆ ತೋರಿಸಲು ಬಂದವಳು ಹಾಗೇ ಸರಿದಿದ್ದಳು. ಇವನು ಗಿಲ್ಲೆಸುಗೂರಿನ ಕುರಿ ಸಾಕುವವರ ಮನೆಯ ಹುಡುಗ ಎಂದು ಮಾಲೀಕರಿಂದ ಅವಳು ಕೇಳಿದ್ದಳು. ತಾವು ಯಾರೆಂದು ಅವನೂ ಕೇಳಿರುತ್ತಾನೆ. ಅವಳು ಲೋಟವನ್ನು ಕಿಟಕಿಯಲ್ಲಿ ಇಟ್ಟಳು.

“ಡಾಕ್ಟರ್ ಕಡಿ ಒಯ್ಯೂಣು ನಡ್ರಿ. ನನ್ನ ಗಾಡಿ ಅದ” ಅಂದ ಅವನು.

ಒಲ್ಲೆ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಗೌಡ ನರಳಿದ. ಅವಳು ಒಳಗೆ ದುಪಟ್ಟಾ ಹುಡುಕುತ್ತಿದ್ದಾಗ ಹೊರಗಿನ ನಳ ಬಿಟ್ಟ ಸದ್ದು ಕೇಳಿಸಿತು. ಕುಡಿದರೆ ನಳದ ನೀರು ಕುಡಿಯುತ್ತಾನೆ, ನನ್ನ ಲೋಟದ್ದಲ್ಲ ಎಂದುಕೊಂಡಳು.

ಡಾಕ್ಟರ್ ಶಂಶುದ್ದೀನ್ ಗೌಡನ ಹೊಟ್ಟೆ ಮುಟ್ಟಿದ ಕೂಡಲೇ ಕನ್ನಡಕ ಮೇಲೇರಿಸಿದರು.

“ಹೊಟ್ಟಿ ಕಟ್ಟಿಲ್ಲಮ್ಮಾ, ಉಚ್ಚಿ ಕಟ್ಟ್ಯಾದ. ಗಂಡು ಬೆಕ್ಕಿಗೆ ಉಚ್ಚಿ ನಾಳ ಭಾಳ ಸಣ್ಣದು. ಉಸುಕಿನಂಥ ಹರಳು ಅದ್ರಾಗ ಸಿಕ್ಕೊಂಡಾವ. ರಕ್ತ ಏನಾದ್ರೂ ಬಿತ್ತೇನು?”

“ಹೂಂ ಸರ್, ಸ್ವಲ್ಪ” ಎಂದ ಪ್ರಭುರಾಜ, ಮೆಲ್ಲಗೆ.

“ನಾಳಿ ತಂದಿದ್ರ ನಾ ಏನೂ ಮಾಡಾಕ ಆಗ್ತಿರಲಿಲ್ಲ. ಈಗಲೂ ಗ್ಯಾರಂಟಿ ಕೊಡಂಗಿಲ್ಲ.”

ಮಂಪರು ಬರಿಸಿ, ನಳಿಕೆ ತೂರಿಸಿ ಹರಳು ತೆಗೆಯಬೇಕಂತೆ. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವನು. ಔಡಲೆಣ್ಣೆಯ ಜಿಡ್ಡು ಅವಳ ಬೆರಳಿನಲ್ಲಿ ಇನ್ನೂ ಇತ್ತು. ಬೇನೆಯೇ ಒಂದು, ತಾನು ಕೊಟ್ಟ ಮದ್ದೇ ಇನ್ನೊಂದು ಎಂದು ಅವಳು ಅದನ್ನು ದುಪಟ್ಟಾದ ಅಂಚಿಗೆ ಒರೆಸುತ್ತಿದ್ದಳು.

“ನಮ್ಮ ಮನಿ ಟಗರಿಗೂ ಒಮ್ಮೆ ಹಿಂಗ ಆಗಿತ್ರಿ” ಎಂದ ಪ್ರಭುರಾಜ.

“ಏನಾತು ಅದು?”

ಅವನು ನೆಲ ನೋಡಿದ, ಗೋಡೆ ನೋಡಿದ. “ಛಲೋ ಆತ್ರಿ” ಎಂದ. ಎರಡೂ ಕಿವಿ ಕೆಂಪಗಾದವು.

ಟಗರು ಉಳಿದಿರಲಿಲ್ಲ ಎಂದು ಕಲ್ಯಾಣಿಗೆ ತಿಳಿಯಿತು. ಸುಳ್ಳು ಹೇಳಲು ಬಾರದ ಈ ಮನುಷ್ಯ ತನಗಾಗಿ ಒಂದು ಸುಳ್ಳು ಹೇಳಿದ್ದ. ಅವನ ಮೇಲಿನ ಸಿಟ್ಟನ್ನು ಹಾಗೇ ಉಳಿಸಿಕೊಳ್ಳುವುದು ಅಲ್ಲಿಂದ ಮುಂದೆ ಅವಳಿಗೆ ಕಷ್ಟವಾಯಿತು.

ಗೌಡ ಬದುಕಿದ. ಕೊರಳಿಗೆ ಪ್ಲಾಸ್ಟಿಕ್ಕಿನ ಅಗಲ ಪಟ್ಟಿ ಕಟ್ಟಿಸಿಕೊಂಡು, ಕೆಲವು ದಿನ ಕ್ಲಿನಿಕ್ಕಿನಲ್ಲಿ ಸಲೈನ್ ಏರಿಸಿಕೊಂಡು, ಮನೆಗೆ ಬಂದ. ಪ್ಯಾಕೆಟ್ಟಿನ ಒಣ ತಿಂಡಿ ಬಂದ್. ತಿನ್ನುವುದೆಲ್ಲ ಮೆತ್ತಗೆ, ನೀರು ಬೆರೆಸಿ. ಮೂರು ಕಡೆ ಮೂರು ಬಟ್ಟಲು ನೀರು ಸದಾ ತುಂಬಿರಬೇಕು.

“ನೀರ ಔಷಧ. ಅರ್ಧ ದಿನ ಉಚ್ಚಿ ಹೊಯ್ಯಲಿಲ್ಲ ಅಂದ್ರ ಓಡಿ ಬರಬೇಕು. ಹಗಲು ಯಾರು ನೋಡ್ತೀರಿ?” ಎಂದರು ಡಾಕ್ಟರು.

ಕಲ್ಯಾಣಿಯ ಶಾಲೆ ಮಾನ್ವಿಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದರೆ ತಿರುಗಿ ಬರುವುದು ಸಂಜೆ. ಪರೀಕ್ಷೆಯ ದಿನಗಳು, ರಜೆ ಸಿಗುವಂತಿರಲಿಲ್ಲ.

“ನಾ ನೋಡ್ಕೋತೀನ್ರಿ” ಎಂದ ಪ್ರಭುರಾಜ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಅವನು ಟೆಕ್ನೀಶಿಯನ್. “ನಂದು ನೈಟ್ ಶಿಫ್ಟ್ ಅದ. ಹಗಲು ಮನ್ಯಾಗ ಇರ್ತೀನಿ.”

ಅಂದಿನಿಂದ ಬೆಳಿಗ್ಗೆ ಅವಳು ಬೆಕ್ಕನ್ನೆತ್ತಿಕೊಂಡು ಮಹಡಿ ಹತ್ತಬೇಕು, ಸಂಜೆ ಅವನು ಎತ್ತಿಕೊಂಡು ಇಳಿಯಬೇಕು. ನಿದ್ದೆಗೆಟ್ಟ ಕಣ್ಣು, ಹಣೆ ಮೇಲೆ ಹೆಲ್ಮೆಟ್ಟಿನ ಗುರುತು. ಕೊರಳ ಪಟ್ಟಿ ಇದ್ದ ಬೆಕ್ಕನ್ನು ಒಬ್ಬರ ಕೈಯಿಂದ ಒಬ್ಬರಿಗೆ ಕೊಡುವುದು ಸುಲಭವಲ್ಲ. ಬೆರಳಿಗೆ ಬೆರಳು ತಾಗುತ್ತಿತ್ತು. ಇಬ್ಬರೂ ಗೌಡನನ್ನೇ ನೋಡುತ್ತಿದ್ದರು. ಗೌಡ ಇಬ್ಬರನ್ನೂ ಒಮ್ಮೊಮ್ಮೆ ನೋಡುತ್ತಿದ್ದ.

“ಚಾ ಮಾಡಾಕತ್ತಿದ್ದೆ, ಕುಡೀತೀರೇನ್ರಿ?”

“ಆಗ್ಯಾದ್ರಿ” ಎನ್ನುತ್ತಿದ್ದಳು. ಆಗಿರುತ್ತಿರಲಿಲ್ಲ. ನನ್ನ ಮನೆಯ ನೀರೊಲ್ಲದವನ ಚಹಾ ನನಗೇಕೆ ಎಂಬ ಬಿಗುಮಾನ. ಬಸ್ಸಿನಲ್ಲಿ ಕೂತು ಮಾನ್ವಿ ಮುಟ್ಟುವ ತನಕ ಆ ಕುಡಿಯದ ಚಹಾದ ನೆನಪೇ ನೆನಪು.

ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಫೋನಿಗೆ ಅವನ ಮೆಸೇಜು ಬರುತ್ತಿತ್ತು. “ಗೌಡ್ರು ಹೋಗಿ ಬಂದ್ರು. ಧಾರಾಳ.” ಅದನ್ನು ಓದಿದ ಮೇಲೆಯೇ ಅವಳಿಗೆ ತುತ್ತು ಇಳಿಯುತ್ತಿದ್ದದ್ದು. ಪಕ್ಕದಲ್ಲಿ ಕೂತ ದಾನೇಶ್ವರಿ ಟೀಚರ್ ಒಮ್ಮೆ ಇಣುಕಿದಳು.

“ಯಾವ ಗೌಡ್ರು? ಎಲ್ಲಿಗಿ ಹೋಗಿ ಬಂದ್ರು?”

“ನಮ್ಮ ಬೆಕ್ಕು. ಉಚ್ಚಿಗಿ.”

“ಬೆಕ್ಕು ಉಚ್ಚಿ ಹೊಯ್ದದ್ದಕ್ಕ ಯಾರಾರ ಹಿಂಗ ನಾಚ್ಕೋತಾರೇನು?” ಎಂದು ದಾನೇಶ್ವರಿ ಡಬ್ಬಿ ಮುಚ್ಚಿದಳು.

ಸಂಜೆ ಅವನು ಹೊಸ್ತಿಲ ಹೊರಗೇ ನಿಲ್ಲುತ್ತಿದ್ದ. ಒಳಗೆ ಬನ್ನಿ ಎಂದು ಅವಳು ಕರೆಯುತ್ತಿರಲಿಲ್ಲ. ಹೋಗುತ್ತೇನೆ ಎಂದು ಅವನೂ ಅನ್ನುತ್ತಿರಲಿಲ್ಲ. ಅವಳು ಮೂರು ಬಟ್ಟಲಿಗೆ ನೀರು ಸುರಿಯುವುದನ್ನು ನೋಡುತ್ತ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದ. ಅದು ಅವಳ ಕಣ್ಣಿಗೆ ಬೀಳುತ್ತಿತ್ತು, ಎದೆಗೂ ತಾಗುತ್ತಿತ್ತು. ಆದರೂ ಲೋಟದ ಕಡೆ ಕೈ ಹೋಗುತ್ತಿರಲಿಲ್ಲ. ಒಮ್ಮೆ ಬೇಡವೆನಿಸಿಕೊಂಡ ಲೋಟವನ್ನು ಮತ್ತೆ ಚಾಚಲಿ ಎಂದು ಅವಳಪ್ಪ ಅವಳನ್ನು ಓದಿಸಿರಲಿಲ್ಲ.

ಗೌಡನ ಪಟ್ಟಿ ಬಿಚ್ಚಿದರು. ಇನ್ನು ಭಯವಿಲ್ಲ, ನೀರೊಂದು ತಪ್ಪಿಸಬೇಡಿ ಎಂದರು ಡಾಕ್ಟರು. ಒಂದು ಬೆಳಿಗ್ಗೆ ಗೌಡ ಅವಳ ತೋಳಿನಿಂದ ಜಿಗಿದು, ಕಂಪೌಂಡು ಹತ್ತಿ, ತಾನೇ ಮಹಡಿ ಸೇರಿದ. ಹಾಗಿದ್ದರೂ ಅವಳು ಹಿಂದೆಯೇ ಮೆಟ್ಟಿಲು ಹತ್ತಿದಳು. “ಇನ್ನೂ ಅಶಕ್ತ ಕಾಣ್ತಾನ, ಅಲ್ರಿ?” ಎಂದಳು. “ಹೌದ್ರಿ, ಭಾಳ ಅಶಕ್ತ” ಎಂದ ಅವನು. ಗೌಡ ಅಷ್ಟೊತ್ತಿಗೆ ಎದುರು ಮನೆಯ ಮಾಳಿಗೆಯಲ್ಲಿ ಪಾರಿವಾಳ ಅಟ್ಟುತ್ತಿದ್ದ.

ಅದೇ ವಾರ ಓಣಿಯ ತಿರುವಿನಲ್ಲಿ ಒಬ್ಬ ಬೈಕು ನಿಲ್ಲಿಸಿ ಮಾತಾಡಿಸಿದ. ಪ್ರಭುರಾಜನ ಜೊತೆ ಕೆಲಸ ಮಾಡುವ ಸಾಬಣ್ಣ.

“ಬೆಕ್ಕಿನ ಟೀಚರ್ ಅಂದ್ರ ನೀವೇನ್ರಿ? ನಿಮ್ಮ ಪುಣ್ಯಾದಾಗ ನಾವು ರಾತ್ರಿ ಮನ್ಯಾಗ ಮಕ್ಕೋಳಾಕತ್ತೀವಿ. ನಮ್ದು ವಾರಕ್ಕೊಮ್ಮೆ ಶಿಫ್ಟ್ ಬದಲಾಗ್ತದ. ಇವ ಎಲ್ಲಾರ ನೈಟೂ ಬೇಡಿ ಬೇಡಿ ತಾನ ಮಾಡಾಕತ್ತ್ಯಾನ. ಬೆಕ್ಕು ಯಾವಾಗ ಛಲೋ ಆಗ್ತದ ಅಂದ್ರ, ಇನ್ನೂ ಅಶಕ್ತ ಅದ ಅಂತಾನ.”

ಕಲ್ಯಾಣಿ ಮನೆಗೆ ಬಂದು ದೀಪ ಹಾಕದೆ ಕೂತಳು. ಅವನ ಕೆಂಪು ಕಣ್ಣು ನೆನಪಾಯಿತು. ನನಗಾಗಿ ನಿದ್ದೆ ಬಿಟ್ಟಾನು, ನನ್ನ ಮನೆಯ ನೀರು ಮಾತ್ರ ಕುಡಿಯಲಾರ. ಇಂಥ ಪ್ರೀತಿಯನ್ನು ಇಟ್ಟುಕೊಂಡು ಬಾಳುವುದು ಹೇಗೆ? ದೇವದುರ್ಗಕ್ಕೆ ವರ್ಗವಾದ ಆದೇಶ ಬಂದು ಕೂತಿತ್ತು. ಒಪ್ಪಲೋ ಬೇಡವೋ ಎಂದು ಅವಳು ತಡೆದಿದ್ದಳು. ಅವತ್ತು ಅವ್ವನಿಗೆ ಫೋನು ಮಾಡಿ, ಬರುತ್ತೇನೆ ಎಂದಳು.

ಬೇಸಿಗೆ ರಜೆ ಶುರುವಾಗಿ, ಹೊರಡುವ ದಿನ ಬಂತು. ಪ್ರಭುರಾಜ ಯಾಕೆ ಎಂದು ಕೇಳಲಿಲ್ಲ. ಟ್ರಂಕು, ಹಾಸಿಗೆ, ಗ್ಯಾಸಿನ ಒಲೆ ಒಂದೊಂದೇ ಹೊತ್ತು ಆಟೋಕ್ಕೆ ಹಾಕಿದ. ಅಂಗಿ ಬೆನ್ನಿಗೆ ಅಂಟಿತ್ತು. ಅವಳು ದಾರಿಗೆಂದು ಗೌಡನ ಬಟ್ಟಲಿಗೆ ನೀರು ಹಾಕಿ ಬುಟ್ಟಿಯ ಮುಂದಿಟ್ಟಳು. ಗೌಡ ಸಾವಕಾಶ ಕುಡಿದ. ಅವನು ಮುಗಿಸುವ ತನಕ ಪ್ರಭುರಾಜ ನೋಡುತ್ತ ನಿಂತ.

“ಒಂದು ಕೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ.”

“ಕೇಳ್ರಿ.”

“ಬೆಕ್ಕಿಗಿ ಮೂರು ಬಟ್ಟಲ ನೀರು ಇಡ್ತೀರಿ. ಪೇಪರ್ ಹಾಕಾಂವ ಬಂದ್ರ ನೀರು ಕೊಡ್ತೀರಿ. ಇಷ್ಟು ದಿನ ನಿಮ್ಮ ಬಾಗಿಲಾಗ ನಿಂತೆ, ನೀರು ಬೇಕೇನು ಅಂತ ಒಂದಿನ ಕೇಳಲಿಲ್ಲ. ನೀವು ಓದಿದೋರು. ನಾವು ಕುರಿ ಹಿಂದ ತಿರುಗೋ ಮಂದಿ ಅಂತನಾ?”

ತಿಂಗಳಿಂದ ಕಟ್ಟಿದ್ದದ್ದು ಅವಳಲ್ಲಿ ಒಡೆಯಿತು.

“ಕೇಳಿದ್ದೆ. ಮೊದಲನೇ ದಿನ ಲೋಟ ಹಿಡಕೊಂಡು ನಿಮ್ಮ ಮುಂದ ನಿಂತಿದ್ದೆ. ನೀವು ಕೈ ಹಿಂದಕ ಕಟ್ಟಿ ದೂರ ಸರದ್ರಿ. ನಾವು ಯಾರು ಅನ್ನೂದು ನಿಮಗ ಗೊತ್ತಿತ್ತು. ನಿಮ್ಮಂಗ ಸರಿಯೋರ್ನ ನಾ ಭಾಳ ಮಂದೀನ ನೋಡೀನಿ. ಎರಡನೇ ಸಲ ಬ್ಯಾಡ ಅನಸ್ಕೊಳಾಕ ನನ್ನಿಂದ ಆಗಲಿಲ್ಲ.”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ತನ್ನ ಎರಡು ಅಂಗೈಗಳನ್ನು ಬಿಚ್ಚಿ ನೋಡಿಕೊಂಡ.

“ಅವತ್ತು ಈ ಕೈ ತುಂಬ ಗೌಡನ ಉಚ್ಚಿ, ರಕ್ತ ಇತ್ರಿ. ಟಾಕಿ ಕೆಳಗಿಂದ ತಗಿಯೂ ಮುಂದ ಹತ್ತಿತ್ತು. ನೀವು ಮೊದಲ ಅಳಾಕತ್ತಿದ್ರಿ. ರಕ್ತ ನೋಡಿದ್ರ ಎದಿ ಒಡಕೋತೀರಿ ಅಂತ ಹಿಂದ ಮುಚ್ಚಿಟ್ಟೆ. ಅಂಥ ಕೈಲೆ ನಿಮ್ಮ ಲೋಟ ಹೆಂಗ ಮುಟ್ಟಲಿ? ನೀವು ಒಳಗ ಹೋದಾಗ ನಳದಾಗ ತೊಳಕೊಂಡೆ. ಆಮ್ಯಾಲ ಕೊಡ್ತಾರ ಅನ್ಕೊಂಡಿದ್ದೆ. ದಿನಾ ಅನ್ಕೊಂಡೆ.”

ನಳದ ಸದ್ದು. ರಕ್ತ ಬಿತ್ತೇನು ಎಂದು ಡಾಕ್ಟರು ಕೇಳಿದ್ದು, ಅವನು ಹೂಂ ಎಂದದ್ದು. ಎಲ್ಲ ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಮಾತ್ರ ಹೋಗಿರಲಿಲ್ಲ. ಕಲ್ಯಾಣಿ ಆಟೋದತ್ತ ನಡೆದಳು. ಕಟ್ಟಿದ ಪಾತ್ರೆಯ ಚೀಲ ಬಿಚ್ಚಿ, ತಡಕಿ, ಅದೇ ಲೋಟ ತೆಗೆದಳು. ಮನೆಯಲ್ಲಿ ಉಳಿದಿದ್ದ ಕೊಡದಿಂದ ನೀರು ತುಂಬಿ ತಂದಳು. ಅವಸರಕ್ಕೆ ಅರ್ಧ ದಾರಿಯಲ್ಲಿ ಸ್ವಲ್ಪ ಚೆಲ್ಲಿತು.

“ಬೆಲ್ಲ ಕಟ್ಟಿಬಿಟ್ಟೀನ್ರಿ” ಎಂದಳು.

“ನೀರು ಸಾಕು.”

ಅವನು ಎತ್ತಿ ಕುಡಿಯಲಿಲ್ಲ. ಅಂಚಿಗೆ ತುಟಿ ಹಚ್ಚಿ, ಕಣ್ಣು ಅವಳ ಮೇಲೆ ಇಟ್ಟು, ಗುಟುಕು ಗುಟುಕಾಗಿ ಕುಡಿದ. ಸ್ವಲ್ಪ ಉಳಿಸಿದ. ಆ ಉಳಿದದ್ದನ್ನು ಅವಳು ತೆಗೆದುಕೊಂಡು, ಅವನ ತುಟಿ ತಾಗಿದ ಕಡೆಯೇ ಬಾಯಿ ಇಟ್ಟು ಕುಡಿದಳು. ಆಟೋದವನು ಹಾರ್ನು ಹೊಡೆದ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

“ಊರಿಗಿ ಹೋಗಿ ಅವ್ವಗ ಹೇಳ್ತೀನಿ” ಎಂದ ಪ್ರಭುರಾಜ.

“ನಿಮ್ಮವ್ವ ನಮ್ಮ ಮನಿ ನೀರು ಕುಡೀತಾರೇನು?”

“ಗೊತ್ತಿಲ್ರಿ” ಎಂದ. ಈ ಸಲ ಅವನ ಕಿವಿ ಕೆಂಪಾಗಲಿಲ್ಲ.

ದೇವದುರ್ಗದ ಮನೆಯಲ್ಲಿ ಗೌಡ ಒಂದೇ ದಿನದಲ್ಲಿ ಹಳೆಯ ಯಜಮಾನಿಕೆ ಹಿಡಿದ. ಈಗ ಮೆಸೇಜು ಕಳಿಸುವ ಸರದಿ ಕಲ್ಯಾಣಿಯದು. “ಗೌಡ್ರು ಹೋಗಿ ಬಂದ್ರು” ಎಂದು ಬರೆದಳು. ಗಿಲ್ಲೆಸುಗೂರಿನಿಂದ ಉತ್ತರವಿಲ್ಲ. ಮರುದಿನವೂ ಬರೆದಳು. ಇಲ್ಲ. ಒಲೆಯ ಮುಂದೆ ಕೂತರೆ ರೊಟ್ಟಿ ಹೊತ್ತುವುದು, ಬಾವಿಕಟ್ಟೆಗೆ ಹೋದರೆ ಹೋದ ಕೆಲಸ ಮರೆಯುವುದು. ಹೊಸ್ತಿಲ ಹೊರಗೆ ಯಾರೂ ನಿಲ್ಲದ ಸಂಜೆಗಳು ಇಷ್ಟು ಉದ್ದವಿರುತ್ತವೆಂದು ಅವಳಿಗೆ ತಿಳಿದಿರಲಿಲ್ಲ.

ಮೂರನೆಯ ಸಂಜೆ ಅವನ ನಂಬರಿನಿಂದ ಫೋನು ಬಂತು. ದನಿ ಮಾತ್ರ ಅವನದಲ್ಲ.

“ಯವ್ವಾ, ನಾ ಬೂದೆಮ್ಮ ಮಾತಾಡಾಕತ್ತೀನಿ, ಪ್ರಭುನ ಅವ್ವ. ಇವನ ಫೋನು ನಾ ಕಸಗೊಂಡಿದ್ದೆ.”

ಕಲ್ಯಾಣಿ ಎದ್ದು ನಿಂತಳು. “ಹೇಳ್ರಿ, ಯವ್ವಾ.”

“ಇವ ಬಂದಾಗಿಂದ ನಮ್ಮ ಮನ್ಯಾಗ ನೀರು ಮುಟ್ಟವಲ್ಲ. ಅಕಿ ಮನಿ ನೀರು ನೀ ಕುಡಿಯೂತನಕ ನಿನ್ನ ಮನಿ ನೀರು ನನಗ ಬ್ಯಾಡ ಅಂತ ಕುಂತಾನ. ಬಾಜೂ ಮನ್ಯಾಗ ಕುಡದು ಬರ್ತಾನ, ಅದು ಬ್ಯಾರೆ ಮಾತು. ಆದ್ರೂ ಹೆತ್ತ ಹೊಟ್ಟಿ ಯವ್ವಾ, ಎಷ್ಟಂತ ನೋಡ್ಲಿ?”

ಮುದುಕಿ ಉಸಿರು ಎಳೆದುಕೊಂಡದ್ದು ಕೇಳಿಸಿತು.

“ನಮ್ಮ ಹಿರೇರು ಮಾಡಿದ್ದು ನಾ ಮಾಡಿಕೊಂಡು ಬಂದೆ. ನನಗ ಬ್ಯಾರೆ ಗೊತ್ತಿಲ್ಲ. ನಾಳಿ ಮುಂಜಾನಿ ಬಸ್ಸಿಗಿ ಬರ್ತೀವಿ. ಅಲ್ಲಿಗಿ ಮುಟ್ಟೂದ್ರಾಗ ಬಿಸಿಲು ಏರಿರ್ತದ. ನೀರು ತುಂಬಿಡು.”

ಫೋನು ಇಟ್ಟ ಮೇಲೆ ಕಲ್ಯಾಣಿ ಹಿತ್ತಲಿಗೆ ಹೋಗಿ ತಾಮ್ರದ ಕೊಡ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ಕಣ್ಣೀರು ಕೊಡದ ಮೇಲೆ ಬೀಳುತ್ತಿತ್ತು, ಅದರ ಸಮೇತ ತಿಕ್ಕಿದಳು. ಪಕ್ಕದಲ್ಲಿ ಗೌಡ ತನ್ನ ಬಟ್ಟಲಿಗೆ ಮೂತಿ ಇಟ್ಟು ಲಪಲಪ ಕುಡಿಯುತ್ತಿದ್ದ.

ಮಾನಮ್ಮ ಬಾಗಿಲಿಗೆ ಬಂದು ನಿಂತಳು. “ಇಷ್ಟೊತ್ತಿನಾಗ ಕೊಡ ಯಾಕ ತಿಕ್ಕಾಕತ್ತೀ?”

“ನಾಳಿ ಬಿಸಲಾಗ ಮಂದಿ ಬರ್ತಾರ ಯವ್ವಾ” ಎಂದಳು ಕಲ್ಯಾಣಿ. “ಮನ್ಯಾಗ ಬೆಲ್ಲ ಅದ ಏನು, ನೋಡು.”