ಫ್ಲೆಕ್ಸ್ ಮೇಲಿನ ಮಗಳು

ಕುತ್ತಿಗೆಗೆ ಬ್ಲೇಡ್ ತಾಗಿತ್ತು!

ಹರಿಹರದ ತುಂಗಭದ್ರಾ ಸೇತುವೆಯ ಕೆಳಗೆ, ಮಟಮಟ ಮಧ್ಯಾಹ್ನ. ಹಿಂದಿನಿಂದ ಬಂದವನು ನನ್ನ ಮುಖದ ದುಪಟ್ಟಾ ಕಿತ್ತು ಬೆಚ್ಚಿಬಿದ್ದ. ಅವನ ಕೈ ಗಡಗಡ ನಡುಗುತ್ತಿತ್ತು. ಬ್ಲೇಡಿಗಿಂತ ಆ ನಡುಕವೇ ಅಪಾಯ.

"ಯಾರೇ ನೀನು? ಹುಡುಗಿ ಎಲ್ಲಿ?"

"ಮನೇಲಿ ಅದಾಳೆ. ಹೋಂವರ್ಕ್ ಮಾಡ್ತಾಳೆ."

ತಡೆಯಿರಿ. ಚಹಾ ಕುಡಿಯಿರಿ. ನಿಮ್ಮ ಮಗನ ಮೊಬೈಲಿನ ವಿಷಯ ಆಮೇಲೆ ನೋಡೋಣ. ಮೊದಲು ಈ ಬ್ಲೇಡು ನನ್ನ ಕುತ್ತಿಗೆಗೆ ಬಂದದ್ದು ಹೇಗೆ ಅಂತ ಕೇಳಿ.

ನಾನು ಪುಷ್ಪಲತಾ. ಪೊಲೀಸ್ ಕೆಲಸ ಬಿಟ್ಟವಳು. ಈಗ ಮಕ್ಕಳ ಮೊಬೈಲಿಗೆ ಹುಳ ಹೊಕ್ಕರೆ ಹೆತ್ತವರು ನನ್ನನ್ನು ಕರೆಯುತ್ತಾರೆ. ಬಾಗಿಲು ತೆಗೆದಿಟ್ಟವರು ತಾವೇ ಅಂತ ಪುಣ್ಯಾತ್ಮರಿಗೆ ಗೊತ್ತಿರುವುದಿಲ್ಲ!

ಆವತ್ತು ಬೆಳಿಗ್ಗೆ ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಸುಷ್ಮಾ ಎಂಬ ಹೆಂಗಸಿನ ಫೋನ್.

"ಮೇಡಂ, ಬೇಗ ಬರ್ರಿ. ನಮ್ಮನೆಯೋರಿಗೆ ಗೊತ್ತಾಗೋದು ಬ್ಯಾಡ."

ಹೋದೆ. ಮಗಳು ಸ್ನೇಹಾ, ಒಂಬತ್ತನೇ ಕ್ಲಾಸು. ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಇನ್‌ಸ್ಟಾಗ್ರಾಮಿನಲ್ಲಿ 'ಪದ್ಮಶ್ರೀ' ಎಂಬ ಹೊಸ ಗೆಳತಿ ಸಿಕ್ಕಿದ್ದಳಂತೆ. ಮೊದಲು ರೀಲ್ಸ್, ಮೆಹಂದಿ ಡಿಸೈನ್... ಆಮೇಲೆ ಒಂದು ಹೊಲಸು ಫೋಟೋ. ಮುಖ ಸ್ನೇಹಾಳದು, ಮೈ ಯಾರದೋ. ಮಧ್ಯಾಹ್ನ ಹರಿಹರದ ಸೇತುವೆ ಕೆಳಗೆ ಒಬ್ಬಳೇ ಬರಬೇಕು. ಬಾರದಿದ್ದರೆ ಫೋಟೋ ಅಪ್ಪನಿಗೆ ಹೋಗುತ್ತದೆ!

"ಅಪ್ಪಂಗೆ ಹೇಳ್ಬ್ಯಾಡ್ರಿ ಆಂಟಿ. ಶಾಲೆ ಬಿಡಿಸ್ತಾರೆ. ನಾನೇ ಹೋಗಿ ಬರ್ತೀನಿ."

ಸೇತುವೆ ಕೆಳಗಿನ ಪಾಪಿಗಿಂತ ಮನೆಯೊಳಗಿನ ಅಪ್ಪನೇ ಈ ಮಗುವಿಗೆ ದೊಡ್ಡ ಭಯ.

ಅಷ್ಟರಲ್ಲಿ ಆ ಅಪ್ಪನೇ ಬಂದ. ಅಂಜನಕುಮಾರ. ಬಿಳಿ ಶರ್ಟು, ಬೆರಳು ತುಂಬ ಉಂಗುರ, ಹೆಸರಿನ ಹಿಂದೆ 'ಯುವ ಮುಖಂಡ'. ಯಾವ ಮಂದೆಗೋ! ವಿಷಯ ಕಿವಿಗೆ ಬಿದ್ದದ್ದೇ ತಡ, ಮಗಳ ಮೊಬೈಲ್ ಕಿತ್ತು ಗೋಡೆಗೆ ಎಸೆಯಲು ಕೈ ಎತ್ತಿದ. ಆ ಕೈ ಹಿಡಿದು ತಿರುಚಿದೆ.

"ಒಡದ್ರೆ ಸಾಕ್ಷಿ ಹೋಯ್ತು! ಡಿಲೀಟ್ ಮಾಡೋದು ಬ್ಯಾಡ. ಮೊದ್ಲು ಸ್ಕ್ರೀನ್‌ಶಾಟ್."

"ಎಲ್ಲಾ ಈ ದರಿದ್ರ ಮೊಬೈಲಿಂದನೇ ಆಗಿದ್ದು!"

"ಹೌದಾ?" ಕಿಟಕಿ ತೆರೆದೆ. "ಹಂಗಾದ್ರೆ ಅದೇನ್ರಿ?"

ಎದುರಿನ ಸರ್ಕಲ್‌ನಲ್ಲಿ ಎರಡಾಳೆತ್ತರದ ಫ್ಲೆಕ್ಸ್. ಸ್ನೇಹಾಳಿಗೆ ಹುಟ್ಟುಹಬ್ಬದ ಶುಭಾಶಯ. ನಗುವ ಮುಖ, ಹುಟ್ಟಿದ ದಿನ, ಶಾಲೆಯ ಹೆಸರು, ಇನ್‌ಸ್ಟಾಗ್ರಾಮ್ ಐಡಿ. ಶುಭ ಕೋರುವವರ ಸಾಲಿನಲ್ಲಿ ಮೊದಲು ಇವನದೇ ಫೋಟೋ... ಫೋನ್ ನಂಬರಿನ ಸಮೇತ!

"ಐಡಿ ಯಾಕ ಹಾಕ್ಸಿದ್ರಿ?"

"ಮಗಳಿಗೆ ಫಾಲೋವರ್ಸ್ ಜಾಸ್ತಿ ಆಗ್ಲಿ ಅಂತ..."

"ಆಯ್ತಲ್ಲ. ಒಬ್ಬ ಹೆಚ್ಚಾದ."

ಎರಡೂ ಕಡೆ ಒಂದೇ ಫೋಟೋದಿಂದ ತೆಗೆದ ಮುಖ; ಫ್ಲೆಕ್ಸಿನಲ್ಲಿ ಅದನ್ನು ನೀಟಾಗಿ ಕತ್ತರಿಸಿದ್ದರು. ಆದರೆ ಆ ಹೊಲಸು ಫೋಟೋದಲ್ಲಿ ಭುಜದ ಮೇಲೆ ಹಸಿರು ಬಳೆಯ ಮುದಿ ಕೈಯೊಂದು ಉಳಿದುಬಿಟ್ಟಿತ್ತು. ಕಳ್ಳ ಅವಸರದವನು.

"ಇದು ಯಾರ ಕೈ?"

"ನಮ್ಮವ್ವಂದು."

"ಅವ್ವ ಇರೋ ಪೂರಾ ಫೋಟೋ ಯಾರ ಹತ್ರ ಐತೆ?"

"ನನ್ನ ಹತ್ರ ಅಷ್ಟೇ. ಮತ್ತೆ... ಫ್ಲೆಕ್ಸ್ ಡಿಸೈನ್ ಮಾಡಾಕೆ ನಿಂಗರಾಜ್‌ಗೆ ವಾಟ್ಸಾಪ್ ಮಾಡಿದ್ದೆ."

ನಿಂಗರಾಜ್! ಕರೂರು ಕೈಗಾರಿಕಾ ಪ್ರದೇಶದ ಫ್ಲೆಕ್ಸ್ ಅಂಗಡಿಯವನು. ಮಗಳ ಜಾತಕವನ್ನೇ ಅಪ್ಪ ಅವನ ಕೈಗಿಟ್ಟಿದ್ದ.

"ಮಗಳ ಮುಂದೆ ಕೂತು ಹೇಳ್ರಿ. ತಪ್ಪು ನಿಂದಲ್ಲ ಅಂತ."

ಮುಖಂಡನ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಸುಷ್ಮಾ ಹೇಳಿದಳು. ಸ್ನೇಹಾ ತಾಯಿಯ ಮಡಿಲಿಗೆ ಬಿದ್ದು ಬಿಕ್ಕಿದಳು.

ಸೈಬರ್ ಸಹಾಯವಾಣಿಗೆ ದೂರು ಕೊಡಿಸಿದೆ. ಹರಿಹರದಲ್ಲಿ ನನ್ನ ಹಳೆಯ ಜೊತೆಗಾರ್ತಿ ಪಿಎಸ್ಐ ಸುನೀತಾಗೆ ಫೋನ್ ಮಾಡಿದೆ. ಸ್ನೇಹಾಳ ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಸ್ಕೂಟಿ ಹತ್ತಿದೆ.

ಈಗ ಬ್ಲೇಡಿಗೆ ಬರೋಣ. ಫ್ಲೆಕ್ಸ್ ಕತ್ತರಿಸುವ ಬ್ಲೇಡ್ ಅದು. 'ಪದ್ಮಶ್ರೀ' ಹೆಸರಿನಲ್ಲಿ ಬಂದವನು ನಿಂಗರಾಜನೇ.

ಹಿಮ್ಮಡಿಯಿಂದ ಅವನ ಕಾಲ್ಬೆರಳು ತುಳಿದೆ. ಕಿರುಚಿದ. ಮೊಣಕೈ ಹೊಟ್ಟೆಗೆ ಹೋಯಿತು. ಬ್ಲೇಡ್ ಬಿತ್ತು. ಕುಂಟುತ್ತಾ ಓಡಿ ಬೈಕ್ ಹತ್ತಿದ... ನಾನೂ ಸ್ಕೂಟಿ ಹತ್ತಿದೆ. ಸೇತುವೆ ಮೇಲೆ ಲಾರಿಗಳ ಸಂದಿಯಲ್ಲಿ ಹಾವಿನಂತೆ ನುಗ್ಗಿದ. ತುದಿಯಲ್ಲಿ ಸುನೀತಾಳ ಜೀಪ್ ಅಡ್ಡ ನಿಂತಿತ್ತು!

ಬೈಕ್ ಸಮೇತ ಬಿದ್ದ. ಕಾಲರ್ ಹಿಡಿದು ಎತ್ತಿದೆ.

"ತಮಾಷೆಗೆ ಮಾಡಿದ್ದು ಮೇಡಂ..."

"ಬ್ಲೇಡೂ ತಮಾಷೆಗೇನೋ?"

ಗೊಳೋ ಎಂದು ಅತ್ತ. ಹದಿನಾಲ್ಕರ ಹುಡುಗಿಯ ಮುಂದೆ ಹುಲಿ, ನನ್ನ ಮುಂದೆ ಒದ್ದೆ ಬೆಕ್ಕು. ಥೂ! ಅವನ ಮೊಬೈಲಿನಲ್ಲಿ ಇನ್ನೂ ಎಷ್ಟೋ ಮಕ್ಕಳ ಹುಟ್ಟುಹಬ್ಬದ ಫೋಟೋಗಳಿದ್ದವು.

ಕತೆ ಮುಗಿಯಿತು ಅಂದುಕೊಂಡಿರಾ? ಮುಂದಿನ ವಾರ ಸ್ನೇಹಾಳ ಫೋನ್.

"ಆಂಟಿ, ಅಪ್ಪ ಇನ್ನೊಂದು ಫ್ಲೆಕ್ಸ್ ಹಾಕ್ಸಿದಾರೆ! ನನ್ನನ್ನ ಕಾಪಾಡಿದ್ದಕ್ಕೆ ನಿಮಗೆ ಧನ್ಯವಾದ ಅಂತ. ನಿಮ್ಮ ಫೋಟೋ, ನನ್ನ ಫೋಟೋ, ನಡುವೆ ಅಪ್ಪ. ನಂಬರೂ ಐತೆ."

"ಅಮ್ಮಂಗೆ ಹೇಳಿದ್ಯಾ?"

"ಅಮ್ಮನೇ ಏಣಿ ಹಿಡ್ಕಂಡು ನಿಂತಾಳೆ. ಬ್ಲೇಡ್ ತಗೊಂಡು ಬರ್ರಿ."

ಹೋದೆ. ಏಣಿ ಹತ್ತಿದ್ದು ಸ್ನೇಹಾ. ಕೈ ಒಂದಿಷ್ಟೂ ನಡುಗಲಿಲ್ಲ.

ಬೇಕಿದ್ದರೆ ಹೋಗಿ ನೋಡಿ. ಎರಡು ದೊಡ್ಡ ತೂತುಗಳ ನಡುವೆ ಯುವ ಮುಖಂಡ ಒಬ್ಬನೇ ಹಲ್ಲು ಕಿರಿದು ನಿಂತಿದ್ದಾನೆ!