ಕೊಳವೆಯ ಮೇಲಿನ ಕುರ್ಚಿ

"ಆ ನಕ್ಷೆ ಇಲ್ಲಿ ಕೊಡಿ!"

"ಕೊಡಲ್ಲ!"

ಸುರುಳಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ನೀರು ಸರಬರಾಜು ಕಚೇರಿಯ ಗುಮಾಸ್ತರೆಲ್ಲ ಕೆಲಸ ಬಿಟ್ಟು ಕತ್ತೆತ್ತಿ ನೋಡುತ್ತಿದ್ದರು.

ಊರಿನ ನೆಲದಡಿಯ ನೀರಿನ ಕೊಳವೆಗಳು, ವಿದ್ಯುತ್ ಕೇಬಲ್ಲುಗಳು... ಎಲ್ಲವನ್ನೂ ಬಿಸಿಲಲ್ಲಿ ಬೀದಿ ಬೀದಿ ಅಲೆದು ಗೆರೆಗಿಳಿಸಿದವಳು ಅವಳು. ಅವನು ಹೊಸದಾಗಿ ಬಂದ ಭದ್ರತಾ ಅಧಿಕಾರಿ. ದೇಶದ ಜೀವನಾಡಿಗಳು ಶತ್ರುಗಳ ಕಣ್ಣಿಗೆ ಬೀಳಬಾರದು, ನಕ್ಷೆಗಳನ್ನೆಲ್ಲ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿ ಎಂದು ಮೇಲಿನಿಂದ ಆದೇಶ ಬಂದಿತ್ತು.

"ಹರಿದು ಹೋಗುತ್ತೆ..." ಎಂದು ಅವನೇ ಮೊದಲು ಕೈ ಬಿಟ್ಟ.

ಅದೊಂದನ್ನು ಅವಳು ಮರೆಯಲಿಲ್ಲ.

ಆದರೂ ಆದೇಶ ಆದೇಶವೇ. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿ ಅವಳು ನಕ್ಷೆ ಒಪ್ಪಿಸಿದಳು. ಬೀಗ ಹಾಕುವ ಮೊದಲು ಅವನು ಅದನ್ನು ಮೇಜಿನ ಮೇಲೆ ಹರಡಿ, ಬಗ್ಗಿ, ಬಹಳ ಹೊತ್ತು ನೋಡಿದ.

"ಆಸ್ಪತ್ರೆ ಮುಂದೆ ಈ ಕೊಳವೆ ಯಾಕೆ ರಸ್ತೆ ಮಧ್ಯಕ್ಕೆ ತಿರುಗಿದೆ?"

"ಹಿಂದೆ ಅಲ್ಲೊಂದು ಬಾವಿ ಇತ್ತು. ಅದನ್ನ ಬಳಸಿಕೊಂಡು ಹೋಗಿದೆ. ಎಲ್ರೂ ರಸ್ತೆ ಅಂಚಲ್ಲೇ ಇದೆ ಅಂದ್ಕೋತಾರೆ."

ಅವನು ತಲೆಯಾಡಿಸಿದ. ಬೀಗ ಬಿತ್ತು. ಅಂದಿನಿಂದ ಕಚೇರಿಯಲ್ಲಿ ಅವನ ಹೆಸರು 'ಕಪಾಟು ಸಾಹೇಬ'. ಹೆಸರಿಟ್ಟವಳು ಅವಳೇ!

ಆದರೆ ಫ್ಯಾನಿನ ಗಾಳಿಗೆ ಅವಳ ಕಾಗದ ಹಾರಿದ ಮಧ್ಯಾಹ್ನ, ಮಾತಿಲ್ಲದೆ ತನ್ನ ಪೇಪರ್‌ವೇಟ್ ತಂದಿಟ್ಟವನೂ ಅವನೇ. ಅವಳಿಗೆ ಸಿಟ್ಟು ಬರಲೊಲ್ಲದು. ಬರದಿದ್ದದ್ದಕ್ಕೆ ಇನ್ನಷ್ಟು ಸಿಟ್ಟು!

ಹೀಗಿರುವಾಗ ಟೆಲಿಫೋನ್ ಕೇಬಲ್ ಹೂಳಲು ಆಸ್ಪತ್ರೆ ರಸ್ತೆ ಅಗೆಯುತ್ತಾರೆಂಬ ಸುದ್ದಿ ಬಂತು. ಆ ಆಸ್ಪತ್ರೆಯಲ್ಲೇ ವಾರಕ್ಕೆ ಮೂರು ಸಲ ಅವಳಮ್ಮನಿಗೆ ಡಯಾಲಿಸಿಸ್. ನೀರು ನಿಂತರೆ ಆ ಯಂತ್ರಗಳೂ ನಿಂತವು. ಅಮ್ಮನ ಪಕ್ಕದ ಹಾಸಿಗೆಗಳಲ್ಲಿ ಮಲಗಿದವರ ಗತಿಯೂ ಅಷ್ಟೇ.

ಓಡಿದಳು ಅವನ ಬಳಿಗೆ.

"ಆ ಒಂದು ಹಾಳೆ ಅಗೆಯೋವ್ರಿಗೆ ತೋರಿಸಿ."

"ನಿರ್ದೇಶಕರನ್ನ ಕೇಳ್ದೆ. ಒಪ್ಪಲಿಲ್ಲ... ಕೊಡೋಕಾಗಲ್ಲ."

"ಶತ್ರು ಬಂದು ಕೊಳವೆ ಒಡೆದ್ರೆ ದೇಶದ್ರೋಹ. ನಮ್ಮ ಜೆಸಿಬಿನೇ ಒಡೆದ್ರೆ ಏನಂತೀರಿ ಅದಕ್ಕೆ?"

ಅವನು ಕಪಾಟಿನ ಬೀಗದ ಕೈಯನ್ನು ಜೇಬಿಗಿಳಿಸಿದ.

"ನಿಮಗೆ ಕಾಗದ ಕಾಯೋದು ಗೊತ್ತು, ಜನರನ್ನಲ್ಲ!"

ಬಾಗಿಲು ದಢಾರನೆ ಹಾಕಿಕೊಂಡು ಹೊರಬಂದಳು. ಕಾಪಾಡುವುದು ಎಂದರೆ ಬಚ್ಚಿಡುವುದು ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ಅಗೆತ ಶುರುವಾಗುವ ದಿನ ಅವನ ಕುರ್ಚಿ ಖಾಲಿ. "ಸಾಹೇಬರು ರಜೆ ಹಾಕಿದ್ದಾರೆ" ಎಂದ ಜವಾನ.

ರಜೆ! ಇವತ್ತು!

ಹೋಗಲಿ ಈ ಕೆಲಸ, ಎಲ್ಲವನ್ನೂ ಬಾಯಿ ಬಿಟ್ಟು ಹೇಳಿಯೇಬಿಡುತ್ತೇನೆ ಎಂದು ಆಸ್ಪತ್ರೆ ರಸ್ತೆಗೆ ಧಾವಿಸಿದಳು.

ಅಲ್ಲಿ ರಸ್ತೆಯ ನಟ್ಟನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ, ಮೈಯೆಲ್ಲ ಧೂಳಾಗಿ, ಅವನು!

ಜೆಸಿಬಿ ಅವನನ್ನು ಸುತ್ತುಹಾಕಿ ಅಗೆಯುತ್ತಿತ್ತು. ಯಾರೋ ಪುಣ್ಯಾತ್ಮರು ಅವನ ತಲೆಯ ಮೇಲೆ ಕೊಡೆ ಕಟ್ಟಿದ್ದರು.

"ಏನ್ರೀ ಇದು?"

"ರಜೆ," ಎಂದ ಅವನು. "ನಕ್ಷೆ ತೋರಿಸೋ ಹಾಗಿಲ್ಲ. ರಸ್ತೇಲಿ ಕೂತ್ಕೊಳ್ಳೋ ಹಾಗಿಲ್ಲ ಅಂತ ಆದೇಶದಲ್ಲಿ ಎಲ್ಲೂ ಇಲ್ಲ."

"ಬೆಳಗ್ಗೆಯಿಂದ ಹೀಗೇ ಅಕ್ಕಾ," ಜೆಸಿಬಿಯವನು ನಕ್ಕ. "ನಾವು ಮುಂದೆ ಹೋದ್ರೆ ಕುರ್ಚಿನೂ ಮುಂದೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ಹುಚ್ಚು ಅಂದ್ಕೊಂಡ್ವಿ. ಆಮೇಲೆ ಕೆಳಗೇನೋ ಇದೆ ಅಂತ ಅರ್ಥವಾಯ್ತು. ಕೊಡೆ ಕಟ್ಟಿದ್ವಿ."

ಅವಳು ಅವನತ್ತ ತಿರುಗಿದಳು. "ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವೂ ಬಂದು ಕೂರ್ತಿದ್ರಿ. ಬಾಯಿನೂ ಬಿಡ್ತಿದ್ರಿ. ಸಹಿ ಹಾಕಿದ್ದೀರಿ... ಅಮ್ಮನ ಔಷಧಿ ನಡೀತಿರೋದು ನಿಮ್ಮ ಸಂಬಳದಿಂದ."

ಅಷ್ಟರಲ್ಲಿ ಕಾರು ಬಂದು ನಿಂತಿತು. ಇಳಿದವರು ನಿರ್ದೇಶಕರು.

"ಏಳ್ರೀ ಮೇಲೆ! ನೀವಿಲ್ಲಿ ಕೂತ್ರೆ ಕೊಳವೆ ಎಲ್ಲಿದೆ ಅಂತ ಜಗತ್ತಿಗೆಲ್ಲ ಗೊತ್ತಾಗಲ್ವಾ?"

ಅವನು ಏಳಲಿಲ್ಲ. ಎದ್ದದ್ದು ಅವಳ ದನಿ.

"ಗೊತ್ತಾಗ್ಲಿ ಸರ್! ಅಗೆಯೋ ಕೈಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು? ಒಳಗೆ ನಮ್ಮಮ್ಮನ ರಕ್ತ ಆ ಯಂತ್ರದಲ್ಲಿ ತಿರುಗ್ತಾ ಇದೆ. ನಿಮ್ಮ ಕಪಾಟು ಕ್ಷೇಮವಾಗಿದ್ರೆ ದೇಶ ಕ್ಷೇಮವಾಗಿರುತ್ತಾ?"

ಜೆಸಿಬಿಯವನು ಎಂಜಿನ್ ಆಫ್ ಮಾಡಿದ. "ಸಾಹೇಬ್ರು ಎದ್ರೆ ನಾವು ಅಗೆಯಲ್ಲ ಸಾರ್."

ಬೀದಿಯಲ್ಲಿ ಜನ ಸೇರಿದರು. ನಿರ್ದೇಶಕರು ಅತ್ತಿತ್ತ ನೋಡಿದರು. "ನಾಳೆ ನೋಟಿಸ್ ಕಳಿಸ್ತೀನಿ!" ಎಂದು ಕಾರು ಹತ್ತಿದರು.

ಸಂಜೆಯ ಹೊತ್ತಿಗೆ ಅಗೆತ ಆ ತಿರುವನ್ನು ದಾಟಿತು. ಕೊಳವೆಗೆ ಒಂದು ಗೀರೂ ಬೀಳಲಿಲ್ಲ. ಡಯಾಲಿಸಿಸ್ ಮುಗಿಸಿ ಅಮ್ಮ ನರ್ಸಿನ ತೋಳು ಹಿಡಿದು ಮೆಲ್ಲಗೆ ಹೊರಬಂದರು.

"ಯಾರೇ ಇವರು, ರಸ್ತೆ ಮಧ್ಯೆ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ?"

"ನಿನ್ನ ನೀರು ಕಾದವರು ಅಮ್ಮ."

ಅವನು ಥಟ್ಟನೆ ಎದ್ದು, ಕರವಸ್ತ್ರದಿಂದ ಧೂಳು ಒರೆಸಿ, ಕುರ್ಚಿಯನ್ನು ಅಮ್ಮನ ಕಡೆ ಸರಿಸಿದ. ಅಮ್ಮ ಕೂತು ಇಬ್ಬರ ಮುಖವನ್ನೂ ನೋಡಿದರು.

"ನಾನು ಸ್ವಲ್ಪ ಸುಧಾರಿಸ್ಕೋತೀನಿ. ನೀವು ಅಲ್ಲಿ ಹೋಗಿ ಮಾತಾಡ್ಕೊಳ್ಳಿ," ಎಂದು ಕಣ್ಣು ಮುಚ್ಚಿಕೊಂಡರು.

ಇಬ್ಬರೂ ಆಸ್ಪತ್ರೆಯ ಗೋಡೆಯ ಬದಿಗೆ ಬಂದರು.

"ಒಂದೇ ಸಲ ನೋಡಿ ಅಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿಟ್ಕೊಂಡ್ರಿ?"

"ನೀವು ಎಳೆದ ಗೆರೆಗಳು... ಮರೆಯೋಕೆ ಮನಸ್ಸು ಬರಲಿಲ್ಲ."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ಧೂಳು ಒರೆಸಿದಳು. ಅವನು ಆ ಕೈಯನ್ನು ಹಿಡಿದ. ಈ ಸಲ ಬಿಡಲಿಲ್ಲ.

"ನಾಳೆ ನೋಟಿಸ್ ಬರುತ್ತೆ," ಎಂದ ಮೆಲ್ಲಗೆ. "ಕೆಲಸ ಹೋದ್ರೂ ಹೋಗಬಹುದು. ಇಂಥವನನ್ನ..."

"ಬರ್ಲಿ. ಇಬ್ಬರೂ ಸೇರಿ ಉತ್ತರ ಕೊಡೋಣ. ನಾಳೆ ಎಲ್ಲಿ ಅಗೀತಾರೆ?"

"ಅಗ್ನಿಶಾಮಕ ಠಾಣೆ ಮುಂದೆ."

"ಅಲ್ಲಿ ದೊಡ್ಡ ಕೇಬಲ್ ಇದೆ!"

"ಗೊತ್ತು. ಗೇಟಿನ ಎಡಕ್ಕೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹಾಗಾದ್ರೆ ನಾಳೆ ಎರಡು ಕುರ್ಚಿ ತನ್ನಿ."