ಇಪ್ಪತ್ತೇಳನೆಯ ಸುತ್ತು

ಇನ್ನೂರ ಹದಿನಾಲ್ಕನೆಯ ಸಲ ಕಪ್ಪೆ ನೀರಿಗೆ ಬಿದ್ದು ಸತ್ತಾಗ, ಶಶಿಕಲಾ ಕುರ್ಚಿಯಲ್ಲೇ ಗಕ್ಕನೆ ತಿರುಗಿ ಹಿಂದೆ ಕುಳಿತಿದ್ದವನನ್ನು ನೋಡಿದಳು.

"ನಿಮಗೆ ಬಾಯಿ ಇಲ್ವಾ?"

ಅವನು ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡ.

"ಒಂದು ಗಂಟೆಯಿಂದ ಬೀಳ್ತಾ ಇದ್ದೇನೆ. ನೀವು ನೋಡ್ತಾ ಕೂತಿದ್ದೀರಿ! ಇಲ್ಲಿ ಹಾರಿ, ಅಲ್ಲಿ ನಿಲ್ಲಿ ಅಂತ ಒಂದು ಮಾತು ಹೇಳಿದರೆ ನಿಮ್ಮ ಗಂಟು ಹೋಗ್ತದಾ?"

"ಹೇಳಬಾರದು ಮಾರಾಯ್ರೆ," ಎಂದ ಅವನು, ತಪ್ಪು ಮಾಡಿದವನಂತೆ. "ನಮ್ಮ ಕೆಲಸದಲ್ಲಿ ಅದೊಂದು ನಿಯಮ. ಬೇರೆಯವರು ಆಡುವಾಗ ಆಟ ಮಾಡಿದವನು ಬಾಯಿ ಬಿಡಬಾರದು. ನಾಳೆ ಯಾರೋ ಮನೆಯಲ್ಲಿ ಕೂತು ಆಡ್ತಾರೆ, ಅವರ ಹಿಂದೆ ಹೋಗಿ ನಿಲ್ಲಲಿಕ್ಕೆ ನನಗೆ ಆಗ್ತದಾ?"

"ಹಾಗಾದರೆ ಇದನ್ನು ಮಾಡಿದ್ದು ನೀವಾ?"

"ಹೌದು. ನಾನು ಮತ್ತೆ ನನ್ನ ಫ್ರೆಂಡ್ ಕಾರ್ಲ್ಟನ್. ಇಬ್ಬರೇ."

"ತುಂಬಾ ಕೆಟ್ಟ ಮನುಷ್ಯರು ನೀವು," ಎಂದು ಶಶಿಕಲಾ ಮತ್ತೆ ಪರದೆಯ ಕಡೆ ತಿರುಗಿದಳು. ಇನ್ನೂರ ಹದಿನೈದು!

ಅಸಲಿಗೆ ಅವಳು ಆಡಲು ಬಂದವಳೇ ಅಲ್ಲ. ತಾನು ಕೆಲಸ ಮಾಡುವ ಉಡುಪಿಯ ಪ್ರಿಂಟಿಂಗ್ ಪ್ರೆಸ್ಸಿನಿಂದ ಪೋಸ್ಟರುಗಳ ಸುರುಳಿ ಹಿಡಿದು, ಮಣಿಪಾಲದ ಈ ಬೇಕರಿಯ ಮಹಡಿ ಹತ್ತಿದ್ದಳು, ಅಷ್ಟೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. 'ಹದಿನೈದು ನಿಮಿಷ ಆಡಿ. ಆಮೇಲೆ ನಮ್ಮನ್ನು ಬೈಯಿರಿ.' ಅದನ್ನು ಓದಿ ಅವಳಿಗೆ ನಗು ಬಂದಿತ್ತು. ನಗು ಬಂದು ಎಷ್ಟೋ ತಿಂಗಳಾಗಿತ್ತು ಪಾಪದವಳಿಗೆ.

ಆಟದ ಹೆಸರು 'ಬಾವಿ'. ಕೆಂಪು ಮುರಕಲ್ಲಿನ ಆಳದ ಬಾವಿ, ತಳದಲ್ಲಿ ಒಂದು ಪುಟ್ಟ ಕಪ್ಪೆ. ಗೋಡೆಯಿಂದ ಚಾಚಿಕೊಂಡ ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ಅದನ್ನು ಮೇಲೆ ತರಬೇಕು. ಒಟ್ಟು ಮೂವತ್ತು ಸುತ್ತು. ತಪ್ಪಿದರೆ ಕಪ್ಪೆ ಸಾಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಸುತ್ತಿನ ಬುಡದಲ್ಲಿ ಮತ್ತೆ ಹುಟ್ಟುತ್ತದೆ. ಇಷ್ಟೇ ಆಟ.

ಆಡುವ ಭರದಲ್ಲಿ ಶಶಿಕಲಾ ಒಂದು ವಿಷಯವನ್ನು ಮರೆತಿದ್ದಳು. ಯಾವಾಗಲೂ ದುಪಟ್ಟಾದ ಒಳಗೆ ಅಡಗಿಸಿಡುತ್ತಿದ್ದ ಬಲಗೈ ಕೀಬೋರ್ಡಿನ ಮೇಲೆ ಬಟಾಬಯಲಾಗಿ ಕುಳಿತಿತ್ತು. ತೋರುಬೆರಳು ಮತ್ತು ನಡುಬೆರಳು ಇರಬೇಕಾದಲ್ಲಿ ಎರಡು ಮೊಂಡು ತುಂಡುಗಳು ಮಾತ್ರ ಇದ್ದವು.

ಹದಿನಾಲ್ಕು ತಿಂಗಳ ಹಿಂದೆ ಪ್ರೆಸ್ಸಿನ ಕಟಿಂಗ್ ಮೆಷಿನ್ ತೆಗೆದುಕೊಂಡಿತ್ತು ಅವನ್ನು. ಅಂದಿನಿಂದ ಕಂಡವರೆಲ್ಲ ಒಂದೇ ರಾಗ. 'ಅಯ್ಯೋ ಪಾಪ!' ಬಸ್ಸಿನ ಕಂಡಕ್ಟರ್ 'ಪಾಪ' ಎಂದು ಸೀಟು ಬಿಡಿಸುತ್ತಿದ್ದ. ಮಾಲೀಕರು 'ಪಾಪ' ಎಂದು ಕೌಂಟರಿನಲ್ಲಿ ಕೂರಿಸಿದ್ದರು. ಅವ್ವ ಹನುಮವ್ವನಂತೂ ಮಗಳ ಊಟದ ತಟ್ಟೆ ನೋಡಿದಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆದರೆ ಆ ಕಪ್ಪೆ? ಆ ಬಾವಿ? ಅದಕ್ಕೆ ಕನಿಕರವೇ ಗೊತ್ತಿರಲಿಲ್ಲ! ಅರ್ಧ ಕ್ಷಣ ತಡವಾದರೂ ಮುಲಾಜಿಲ್ಲದೆ ಕೊಲ್ಲುತ್ತಿತ್ತು. ಹತ್ತು ಬೆರಳಿನವರಿಗೂ ಎಂಟು ಬೆರಳಿನವರಿಗೂ ಅಲ್ಲಿ ಒಂದೇ ಕಲ್ಲು, ಒಂದೇ ಅಂತರ. ಬಿದ್ದದ್ದು ಯಾಕೆಂದು ಪ್ರತಿ ಸಲವೂ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಮುಂದಿನ ಸಲ ಒಂದು ಕಲ್ಲು ಹೆಚ್ಚು ಏರಿದಾಗ, ಆ ಏರಿಕೆ ಪೂರ್ತಿ ಅವಳದೇ ಆಗಿರುತ್ತಿತ್ತು. ಯಾರೂ ದಾನ ಕೊಟ್ಟದ್ದಲ್ಲ.

ಅಂದು ಏಳುವಾಗ ಅವಳಿಗೆ ಕೈಯ ನೆನಪಾಯಿತು. ಸರಕ್ಕನೆ ಮುಚ್ಚಿಕೊಂಡಳು. 'ನೋಡಿಯೇ ನೋಡಿರ್ತಾನೆ... ಈಗ ಕೇಳ್ತಾನೆ...'

"ಐದನೇ ಸುತ್ತಿನಲ್ಲಿ ನೀವು ಎಡಗಡೆಯಿಂದ ಹೋದಿರಲ್ಲ," ಎಂದ ಅವನು. "ಹಾಗೆ ಹೋಗಬಹುದು ಅಂತ ನನಗೇ ಗೊತ್ತಿರಲಿಲ್ಲ. ಮಂಗಳವಾರ ಬರ್ತೀರಾ? ನನ್ನ ಹೆಸರು ಆಲ್ವಿನ್."

ಅಷ್ಟೇ. ಕೈಯ ಮಾತೇ ಇಲ್ಲ! ಮೆಟ್ಟಿಲು ಇಳಿಯುವಾಗ ಶಶಿಕಲಾ ಮಂಗಳವಾರಕ್ಕೆ ಎಷ್ಟು ದಿನ ಎಂದು ಎಣಿಸುತ್ತಿದ್ದಳು.

ಮಂಗಳವಾರ ಬಂದಳು. ಗುರುವಾರವೂ ಬಂದಳು. ಪ್ರೆಸ್ಸು ಮುಚ್ಚಿದ ಮೇಲೆ ವಾರಕ್ಕೆ ಮೂರು ಸಂಜೆ. ಆಲ್ವಿನ್ ಕಾಪುವಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದರೆ ಅವಳು ಹೋಗುವವರೆಗೂ ಕಾಯುತ್ತಿದ್ದ. ಆಡುವಾಗ ಅವನು ಮೌನ. ಆಟ ಮುಗಿದ ಮೇಲೆ ಕೆಳಗಿನ ಬೇಕರಿಯಲ್ಲಿ ಚಹಾ, ಗೋಳಿಬಜೆ, ಮುಗಿಯದ ಮಾತು. ಅವಳ ಹಳೆಯ ಲ್ಯಾಪ್‌ಟಾಪಿಗೂ ಆಟ ಹಾಕಿಕೊಟ್ಟ. ಅವಳು ಎಲ್ಲಿ ಎಷ್ಟು ಸಲ ಬಿದ್ದಳು ಎಂಬ ವಿವರ ನೆಟ್ ಇದ್ದಾಗ ತಾನಾಗಿ ಅವನ ಕಂಪ್ಯೂಟರಿಗೆ ಹೋಗುತ್ತಿತ್ತು.

"ನಿನ್ನೆ ಹನ್ನೆರಡನೇ ಸುತ್ತಿನಲ್ಲಿ ತೊಂಬತ್ತು ಸಲ ಸತ್ತಿದ್ದೀರಿ. ಸಿಟ್ಟು ಬಂದಿತ್ತಾ?"

"ನಿಮ್ಮ ಮೇಲೆ ಬಂದಿತ್ತು."

"ಒಳ್ಳೆಯದು. ಕಪ್ಪೆಯ ಮೇಲೆ ಬಂದರೆ ನಾನು ಸೋತ ಹಾಗೆ."

ಇಬ್ಬರೂ ನಗುತ್ತಿದ್ದರು. ಪ್ರೀತಿ ಎಂದು ಇಬ್ಬರೂ ಹೇಳಲಿಲ್ಲ. ಆದರೆ ಹೇಳದಿದ್ದರೆ ಕಾರ್ಲ್ಟನ್‌ಗೆ ಗೊತ್ತಾಗುವುದಿಲ್ಲವೇ? ಅವನು ಹೆಡ್‌ಫೋನ್ ಏರಿಸಿಕೊಂಡು ಗೋಡೆಯ ಕಡೆ ತಿರುಗಿ ಕುಳಿತುಬಿಡುತ್ತಿದ್ದ.

ಇಪ್ಪತ್ತಾರು ಸುತ್ತು ದಾಟಿದವು. ಇಪ್ಪತ್ತೇಳನೆಯದು ದಾಟಲಿಲ್ಲ.

ಅಲ್ಲಿನ ಕಲ್ಲುಗಳು ಕಪ್ಪೆ ಕಾಲಿಟ್ಟೊಡನೆ ಕುಸಿಯುತ್ತಿದ್ದವು. ಹನ್ನೊಂದು ಕಲ್ಲು, ಎಲ್ಲಿಯೂ ನಿಲ್ಲುವಂತಿಲ್ಲ. ಮೂರು ವಾರ ಬಿದ್ದಳು. ಆ ಮೂರನೆಯ ವಾರವೇ ಅವರ ಊರ ಕಡೆಯ ಹುನಗುಂದದಿಂದ ಕರಿಬಸವ ಎಂಬ ಹುಡುಗನ ಮನೆಯವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ತಿಂದರು. ಕೈ ನೋಡಿದರು. ಹೋಗಿ ಫೋನ್ ಮಾಡಿದರು.

"ಒಲ್ಲೆ ಅಂದ್ರವ್ವಾ," ಎಂದು ಹನುಮವ್ವ ಅತ್ತಳು. "ಪಾಪ, ಹುಡುಗಿ ಚಲೋ ಐತಿ, ಆದ್ರ ಮನಿ ಕೆಲಸಕ್ಕ ಹೆಂಗ ಅಂದ್ರು..."

ಶಶಿಕಲಾಳಿಗೆ ಆ ಹುಡುಗ ಬೇಕಾಗಿರಲಿಲ್ಲ. ಆದರೂ ಬೇಡ ಎಂದದ್ದು ಅವನು, ತಾನಲ್ಲ... ಆ ಅವಮಾನ ಮರೆಯಲಾಗಲಿಲ್ಲ.

ಶನಿವಾರ ಮಣಿಪಾಲಕ್ಕೆ ಬಂದವಳು ಎರಡು ಗಂಟೆ ಆಡಿದಳು, ಒಂದೇ ಸಮನೆ ಬಿದ್ದಳು. ಕೊನೆಗೆ ಕೀಬೋರ್ಡ್ ದೂಡಿ ಮುಖ ಮುಚ್ಚಿಕೊಂಡಳು.

"ಇದನ್ನಾದರೂ ಗೆಲ್ಲಬೇಕಿತ್ತು ಆಲ್ವಿನ್! ಆಗುವುದಿಲ್ಲ... ಸೋಮವಾರದ ಒಳಗೆ ದಾಟದಿದ್ದರೆ ನಾನು ಇನ್ನು ಬರುವುದಿಲ್ಲ. ಸಾಕಾಯಿತು ನನಗೆ."

ಆಲ್ವಿನ್ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. "ಲ್ಯಾಪ್‌ಟಾಪ್ ಕೊಡಿ, ಆಟಕ್ಕೆ ಹೊಸ ಸೌಂಡ್ ಹಾಕಲಿಕ್ಕೆ ಉಂಟು," ಎಂದು ಮಾತ್ರ ಹೇಳಿದ. ಹತ್ತು ನಿಮಿಷದಲ್ಲಿ ತಿರುಗಿ ಕೊಟ್ಟ.

ಭಾನುವಾರ ಮಧ್ಯಾಹ್ನ, ಹನ್ನೊಂದನೆಯ ಕಲ್ಲಿನಿಂದ ಕಪ್ಪೆ ಹಾರಿ ಮೇಲಿನ ಕಟ್ಟೆಯ ಮೇಲೆ ಕುಳಿತಿತು!

ಶಶಿಕಲಾ ಚೀರಿದ ಚೀರಿಗೆ ಹನುಮವ್ವ ಒಲೆ ಬಿಟ್ಟು ಓಡಿಬಂದಳು. "ಏನಾತು?" "ದಾಟಿದೆ ಯವ್ವಾ! ನಾನ ದಾಟಿದೆ!" ತಾಯಿಯನ್ನು ಹಿಡಿದು ಗರಗರ ತಿರುಗಿಸಿದಳು. ಏನು ದಾಟಿದಳೋ ತಾಯಿಗೆ ತಿಳಿಯಲಿಲ್ಲ. ಮಗಳು ನಕ್ಕದ್ದು ಕಂಡಿತು, ಅವಳಿಗೆ ಅಷ್ಟು ಸಾಕಾಗಿತ್ತು.

ಸೋಮವಾರ ಹೇಳಿದಾಗ ಆಲ್ವಿನ್ "ಹೌದಾ, ಒಳ್ಳೆಯದಾಯಿತು" ಎಂದ. ಅವಳ ಮುಖ ನೋಡಲಿಲ್ಲ. 'ನಾಚಿಕೆ ಇರಬೇಕು' ಎಂದುಕೊಂಡಳು ಹುಚ್ಚು ಹುಡುಗಿ.

ಮುಂದಿನ ವಾರ ನಿಟ್ಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಆಟಗಳ ಮೇಳ. 'ಬಾವಿ'ಗೂ ಒಂದು ಮೇಜು ಸಿಕ್ಕಿತ್ತು. ಆಲ್ವಿನ್ ವಯರು ತರಲು ಹೋದಾಗ ವಿದ್ಯಾರ್ಥಿಗಳು ಗುಂಪುಗಟ್ಟಿದರು. ಇಪ್ಪತ್ತೇಳನೆಯ ಸುತ್ತನ್ನು ಯಾರೂ ದಾಟಲು ಸಾಧ್ಯವೇ ಇಲ್ಲ ಎಂದು ಒಬ್ಬ ವಾದಿಸಿದ.

"ನಾನು ದಾಟಿದ್ದೇನೆ," ಎಂದಳು ಶಶಿಕಲಾ. ದುಪಟ್ಟಾ ಹೆಗಲಿಗೆ ಎಸೆದು, ಅಷ್ಟು ಜನರ ಎದುರು ಬಲಗೈ ಹೊರತೆಗೆದು ಕುಳಿತಳು. ಬೆರಳು ಹೋದಮೇಲೆ ಅದೇ ಮೊದಲು.

ಮೂರನೆಯ ಕಲ್ಲಿನಲ್ಲಿ ಬಿದ್ದಳು. ಮತ್ತೆ ಮೂರನೆಯದರಲ್ಲೇ. ಕಲ್ಲು ಕಾಲಡಿಯಲ್ಲಿ ಕರಗಿಹೋಗುತ್ತಿತ್ತು... ಮನೆಯಲ್ಲಿ ಹೀಗಿರಲಿಲ್ಲ! ಹತ್ತು ಸಲ, ಇಪ್ಪತ್ತು ಸಲ, ನಲವತ್ತು ಸಲ. ಹಿಂದೆ ಕಿಸಕಿಸ ಶುರುವಾಯಿತು. ಆಮೇಲೆ ಯಾರೋ ಅವಳ ಕೈ ಗಮನಿಸಿರಬೇಕು, ಕಿಸಕಿಸವೂ ನಿಂತುಹೋಯಿತು. ಆ ಮೌನ ನಗುವಿಗಿಂತ ಕೆಟ್ಟದಾಗಿತ್ತು.

"ಬಿಡಿ ಅಕ್ಕಾ," ಎಂದಳೊಬ್ಬ ಹುಡುಗಿ ಮೆಲ್ಲಗೆ. "ನಿಮಗೆ ಕಷ್ಟ ಆಗ್ತದಲ್ವಾ..."

ಕಾರ್ಲ್ಟನ್ ಗಡಿಬಿಡಿಯಲ್ಲಿ ಬಂದ. "ಇದು ಅಲ್ಲ ಶಶಿಕಲಾ, ನಿಮ್ಮ ಲ್ಯಾಪ್‌ಟಾಪಿನದ್ದು ಬೇರೆ. ಅದರಲ್ಲಿ ಆಲ್ವಿನ್ ಕಲ್ಲು ಸ್ವಲ್ಪ ತಡವಾಗಿ ಬೀಳುವ ಹಾಗೆ..."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಅಷ್ಟರಲ್ಲಿ ವಯರು ಹಿಡಿದು ಆಲ್ವಿನ್ ಬಾಗಿಲಲ್ಲಿ ನಿಂತಿದ್ದ.

"ಹೌದಾ?" ಎಂದು ಕೇಳಿದಳು ಶಶಿಕಲಾ.

ಅವನು ತಲೆ ತಗ್ಗಿಸಿದ.

"ನಾನು ಕೇಳಿದ್ದೆನಾ? ಆಟ ಸುಲಭ ಮಾಡಿ ಅಂತ ಒಂದು ದಿನವಾದರೂ ಕೇಳಿದ್ದೆನಾ? ಕೇಳಿದವರಿಗೆ ಕೊಡಿ, ಬೇಡ ಅನ್ನುವುದಿಲ್ಲ. ನನಗೆ ಗೊತ್ತಿಲ್ಲದ ಹಾಗೆ ಕೊಟ್ಟಿರಿ ನೀವು! ಎಲ್ಲರೂ ಬಾಯಿ ಬಿಟ್ಟು ಪಾಪ ಅಂತಾರೆ. ನೀವು ಹೇಳದೆ ಅಂದಿರಿ. ಅಷ್ಟೇ ವ್ಯತ್ಯಾಸ."

"ಶಶಿಕಲಾ, ಅದು ಹಾಗಲ್ಲ..."

"ನಾನು ಅವ್ವನನ್ನು ಹಿಡಿದು ಕುಣಿದಿದ್ದೆ ಆಲ್ವಿನ್."

ಅವಳು ಹೊರಟುಹೋದಳು. ನಿಟ್ಟೆಯ ಬಸ್ ಸ್ಟಾಪಿನಲ್ಲಿ ಉಡುಪಿಯ ಬಸ್ಸು ಬಂದರೂ ಕಣ್ಣೀರಿನಲ್ಲಿ ಬೋರ್ಡು ಕಾಣಲಿಲ್ಲ.

ತಿಂಗಳೊಳಗೆ ಅವಳು ಊರನ್ನೇ ಬದಲಿಸಿದಳು. ಪ್ರೆಸ್ಸಿನ ಮಾಲೀಕರ ತಮ್ಮನದು ಕಾರ್ಕಳದಲ್ಲಿ ಇನ್ನೊಂದು ಪ್ರೆಸ್ಸು ಇತ್ತು. ಅಲ್ಲಿ ಕೆಲಸ, ಚಿಕ್ಕವ್ವ ಮಹಾಲಕ್ಷ್ಮಿಯ ಬಾಡಿಗೆ ಮನೆಯಲ್ಲಿ ವಾಸ. ಆಲ್ವಿನ್‌ನ ಫೋನುಗಳನ್ನು ಎತ್ತಲಿಲ್ಲ. ಒಂದು ದಿನ ಅವನ ಇಮೇಲ್ ಬಂತು. ಜೊತೆಗೆ ಆಟ. 'ಇದು ಎಲ್ಲರಿಗೂ ಇರುವ ಬಾವಿ. ಒಂದು ಕಲ್ಲನ್ನೂ ಮುಟ್ಟಿಲ್ಲ.' ಕ್ಷಮೆಯ ಮಾತಿರಲಿಲ್ಲ.

ಹನ್ನೊಂದು ದಿನ ಅದನ್ನು ತೆರೆಯಲಿಲ್ಲ. ಹನ್ನೆರಡನೆಯ ದಿನ ತೆರೆದಳು.

ಆಮೇಲೆ ದಿನಾ ಸಂಜೆ ಬಿದ್ದಳು. ಪ್ರತಿ ಸಲ ಬಿದ್ದದ್ದೂ ಅವನಿಗೆ ತಲುಪುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಾತು ಬಿಟ್ಟವರ ನಡುವೆ ಉಳಿದ ದಾರಿ ಅದೊಂದೇ. ಹಾಗೆಯೇ ಎರಡು ತಿಂಗಳು ಕಳೆಯಿತು. ನಾಲ್ಕನೆಯ ಕಲ್ಲು, ಆರನೆಯದು, ಒಂಬತ್ತನೆಯದು... ಒಂದು ಭಾನುವಾರ ಅವಳು ಏನೋ ನಿರ್ಧರಿಸಿದವಳಂತೆ ನೆಟ್ ಆಫ್ ಮಾಡಿದಳು. 'ಇವತ್ತು ಯಾರೂ ನೋಡುವುದು ಬೇಡ.'

ಅಂದು ಕಪ್ಪೆ ದಾಟಿತು. ನಿಜವಾಗಿ ದಾಟಿತು!

ಶಶಿಕಲಾ ಚೀರಲಿಲ್ಲ. ಚಿಕ್ಕವ್ವ ಪಕ್ಕದ ಮನೆಯಲ್ಲಿದ್ದಳು, ಇದ್ದರೂ ಅವಳಿಗೇನು ತಿಳಿಯುತ್ತಿತ್ತು? ಈ ಹನ್ನೊಂದು ಕಲ್ಲಿನ ಬೆಲೆ ಗೊತ್ತಿದ್ದ ಮನುಷ್ಯ ಇಡೀ ಜಗತ್ತಿನಲ್ಲಿ ಒಬ್ಬನೇ. ಅವನೊಡನೆ ಮಾತಿರಲಿಲ್ಲ. ಗೆದ್ದ ದಿನ ಅವಳು ಸೋತ ದಿನಗಳಿಗಿಂತ ಹೆಚ್ಚು ಅತ್ತಳು. ಆಮೇಲೆ ಆಟವನ್ನು ತೆರೆಯಲೇ ಇಲ್ಲ.

ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಸಂಜೆ, ಮದುವೆ ಕಾಗದದ ಕಟ್ಟು ಎತ್ತಿಕೊಂಡು ಪ್ರೆಸ್ಸಿನಿಂದ ಹೊರಬಂದರೆ ಎದುರಿಗೆ ಆಲ್ವಿನ್! ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ನೀವು... ಇಲ್ಲಿ?"

"ಒಂಬತ್ತು ದಿನದಿಂದ ನೀವು ಬೀಳಲಿಲ್ಲ," ಎಂದ. "ಏನಾದರೂ ಆಯಿತೋ ಅಂತ... ತಡೆಯಲಿಕ್ಕೆ ಆಗಲಿಲ್ಲ. ಉಡುಪಿಯ ಪ್ರೆಸ್ಸಿನಲ್ಲಿ ಕೇಳಿಕೊಂಡು ಬಂದೆ. ಹುಷಾರಾಗಿದ್ದೀರಲ್ಲ? ಅಷ್ಟು ಸಾಕು. ಹೋಗ್ತೇನೆ."

"ನಾನು ದಾಟಿದೆ."

ಅವನು ನಿಂತ.

"ನೆಟ್ ಆಫ್ ಮಾಡಿ ಆಡಿದೆ. ಅದಕ್ಕೇ ನಿಮಗೆ ಬರಲಿಲ್ಲ. ಅವತ್ತಿನ ಆಟ ಲ್ಯಾಪ್‌ಟಾಪಿನಲ್ಲಿ ಉಂಟು, ಬೇಕಾದರೆ ತೋರಿಸ್ತೇನೆ."

"ಎಂತಕ್ಕೆ? ನೀವು ಹೇಳಿದಿರಲ್ಲ," ಎಂದ ಆಲ್ವಿನ್. ಅವನ ಮುಖ ಪೂರ್ತಿ ಅರಳಿತು. "ಹತ್ತನೆಯ ಕಲ್ಲಿನಿಂದ ಹೇಗೆ ತಿರುಗಿದಿರಿ? ನನಗೇ ಅದು ನೂರಕ್ಕೆ ಒಂದು ಸಲ ಆಗುವುದು!"

ಒಂದು ಅನುಮಾನವಿಲ್ಲ. ಒಂದು ಪರೀಕ್ಷೆಯಿಲ್ಲ. ಶಶಿಕಲಾಳ ಇಷ್ಟು ತಿಂಗಳ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ.

"ಅವತ್ತು ಯಾಕೆ ಹಾಗೆ ಮಾಡಿದಿರಿ?"

"ಸೋಮವಾರದ ಮೇಲೆ ಬರುವುದಿಲ್ಲ ಅಂದಿರಿ..." ಅವನು ರಸ್ತೆ ನೋಡುತ್ತ ಹೇಳಿದ. "ನಿಮ್ಮಿಂದ ದಾಟಲಿಕ್ಕೆ ಆಗ್ತದೆ ಅಂತ ಗೊತ್ತಿತ್ತು. ಎರಡು ದಿನದಲ್ಲಿ ಆಗುವುದಿಲ್ಲ ಅಂತಲೂ ಗೊತ್ತಿತ್ತು. ಹೆದರಿದೆ. ಬರುವುದಿಲ್ಲ ಅನ್ನಬೇಡಿ, ನೀವಿಲ್ಲದೆ ನನಗೆ ಸಂಜೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಧೈರ್ಯ ಇರಲಿಲ್ಲ, ಕಲ್ಲು ಸರಿಸಿದೆ. ಅದು ಕನಿಕರ ಅಲ್ಲ ಶಶಿಕಲಾ. ನನ್ನ ಸ್ವಾರ್ಥ. ನನಗೆ ನೀವು ಅಂದರೆ ಇಷ್ಟ."

ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವಳು ಕಣ್ಣೊರೆಸಿಕೊಂಡಳು.

"ನನಗೂ... ನನಗೂ ಇಷ್ಟ. ಅದಕ್ಕೇ ಅಷ್ಟು ನೋವಾಗಿದ್ದು," ಎಂದಳು. "ನಿಮ್ಮ ಅಮ್ಮನಿಗೆ ಗೊತ್ತಾದರೆ?"

"ಇಗರ್ಜಿ, ಪಾದ್ರಿ ಬಿಟ್ಟು ಬೇರೆ ಲೋಕ ಇಲ್ಲ ಅವಳಿಗೆ. ನಿಮ್ಮ ಅವ್ವ?"

"ಅಳ್ತಾಳೆ. ಆಮೇಲೆ ಬೈತಾಳೆ. ಆಮೇಲೆ ಮತ್ತೆ ಅಳ್ತಾಳೆ."

"ಕಷ್ಟ ಉಂಟು."

"ಉಂಟು," ಎಂದಳು ಶಶಿಕಲಾ. "ಆದರೆ ಒಂದು ಮಾತು. ಇನ್ನು ನನಗೆ ಗೊತ್ತಿಲ್ಲದೆ ನನಗೋಸ್ಕರ ಏನೂ ಮಾಡಬಾರದು. ಮಾಡಬೇಕು ಅನ್ನಿಸಿದರೆ ಕೇಳಿ. ನಾನು ಹೂಂ ಅಂದರೆ ಮಾತ್ರ."

ಆಲ್ವಿನ್ ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಹಾಗಾದರೆ ಕೇಳ್ತೇನೆ... ಕೈ ಹಿಡಿದುಕೊಳ್ಳಲಾ?"

"ಯಾವ ಕೈ?"

"ನೀವು ಯಾವುದು ಕೊಡ್ತೀರೋ ಅದು."

ಅವಳು ಕಾಗದದ ಕಟ್ಟನ್ನು ಎಡಗೈಗೆ ಬದಲಿಸಿಕೊಂಡಳು.

"ಹೂಂ," ಎಂದಳು.